ಜಾಮೀನುದಾರರಿಲ್ಲದವರಿಗೂ ಜಾಮೀನಿನ ಹಕ್ಕು

ಆರೋಪಕ್ಕೆ ಗುರಿಯಾದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 478ರಂತೆ, ಜಾಮೀನೀಯ ಅಪರಾಧಗಳಲ್ಲಿ ಜಾಮೀನು ಪಡೆಯುವುದು ಆರೋಪಿಯ ಹಕ್ಕು. ಅದು ಠಾಣಾಧಿಕಾರಿಯ ಕೃಪೆಯಲ್ಲ. ನಿರ್ಲಕ್ಷ್ಯದ ವಾಹನ ಚಾಲನೆ ಇಂತಹ ಅಪರಾಧಗಳಲ್ಲೊಂದು. ವಾರಂಟ್ ಇಲ್ಲದೆ ಬಂಧಿಸಿದಾಗ ಈ ಹಕ್ಕನ್ನು ಬಂಧಿತರಿಗೆ ತಿಳಿಸುವುದು ಕಲಂ 47ರಂತೆ ಪೊಲೀಸರ ಕರ್ತವ್ಯ.

ಹಕ್ಕಿದ್ದರೂ, ಪಹಣಿಯುಳ್ಳ ಜಾಮೀನುದಾರರು ದೊರೆಯದೆ ಭೂರಹಿತ ಕೂಲಿಕಾರರು ಸೆರೆಯಲ್ಲಿಯೇ ಉಳಿಯುವುದುಂಟು. ಇದಕ್ಕೆ ಪರಿಹಾರವು ಅದೇ ಕಲಮಿನಲ್ಲಿದೆ. ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವರನ್ನು ನಿರ್ಗತಿಕರೆಂದು ಭಾವಿಸಿ, ಅವರ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡುಗಡೆ ಮಾಡತಕ್ಕದ್ದು.

ಜಾಮೀನುರಹಿತ ಅಪರಾಧಗಳಲ್ಲಿ ಜಾಮೀನು ನೀಡುವುದು ಸಾಮಾನ್ಯವಾಗಿ ನ್ಯಾಯಾಲಯದ ವಿವೇಚನೆಗೆ ಸೇರಿದ್ದು. ಬಿಡುಗಡೆಯಾದವರು ನಿಗದಿತ ದಿನಗಳಂದು ನ್ಯಾಯಾಲಯಕ್ಕೆ ತಪ್ಪದೆ ಹಾಜರಾಗಬೇಕು. ತಪ್ಪಿದಲ್ಲಿ ಅದೇ ಪ್ರಕರಣದಲ್ಲಿ ಮತ್ತೆ ಜಾಮೀನು ನಿರಾಕರಿಸಲು ಅವಕಾಶವಿದೆ.

ಮಾನ್ಯ ಸದಸ್ಯರು ತಮ್ಮ ವಾರ್ಡಿನಲ್ಲಿ ಯಾರಾದರೂ ಬಂಧಿತರಾದಲ್ಲಿ, ಅಪರಾಧವು ಜಾಮೀನೀಯವೇ ಎಂಬುದನ್ನು ಠಾಣೆಯಲ್ಲಿ ವಿಚಾರಿಸಿ ಕುಟುಂಬದವರಿಗೆ ತಿಳಿಸುವುದು. ಬಂಧನದ ದಿನಾಂಕವನ್ನು ಬರೆದಿಟ್ಟುಕೊಳ್ಳಲು ಹೇಳುವುದು. ಅವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸುವುದು. ಬಂಧನದಲ್ಲಿರುವವರು ಉಚಿತ ವಕೀಲರ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ: 15100.