ಗಂಟಲಮಾರಿಯ ವಿಷ ಯಾರದು?

ಪ್ರಶ್ನೆ: ಗಂಟಲಿನಲ್ಲಿ ಗಂಟಲಮಾರಿಯ ಬ್ಯಾಕ್ಟೀರಿಯಾ ಇದೆ, ಆದರೆ ಅದು ವಿಷ ತಯಾರಿಸುವ ತಳಿಯಲ್ಲ ಎಂದು ಪ್ರಯೋಗಾಲಯದ ವರದಿ ಬಂದರೆ ಏನರ್ಥ? ಒಂದೇ ಬ್ಯಾಕ್ಟೀರಿಯಾದಲ್ಲಿ ಈ ಭೇದ ಹೇಗೆ?

ಉತ್ತರ: ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಬ್ಯಾಕ್ಟೀರಿಯಾದಿಂದ ಬರುವ ರೋಗವೆಂಬುದು ನಿಜವಾದರೂ, ರೋಗಿಯ ಹೃದಯವನ್ನೂ ನರಗಳನ್ನೂ ಕೆಡಿಸುವ ವಿಷದ ವಂಶವಾಹಿ, ಎಂದರೆ ಆ ವಿಷವನ್ನು ಕಟ್ಟುವ ಕ್ರಮವನ್ನು ಹೊತ್ತ ಡಿಎನ್‌ಎ ತುಣುಕು, ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದು ಬ್ಯಾಕ್ಟೀರಿಯಾವನ್ನು ಹೊಕ್ಕ ವೈರಸ್ಸಿನದು. ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ಇಂತಹ ವೈರಸ್ಸುಗಳಿಗೆ ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್, ಎಂದು ಹೆಸರು. ಮನುಷ್ಯನ ಜೀವಕೋಶಗಳ ಗೊಡವೆಗೆ ಅವು ಹೋಗುವುದಿಲ್ಲ.

ಅನೇಕ ಫೇಜ್‌ಗಳು ಬ್ಯಾಕ್ಟೀರಿಯಾದೊಳಗೆ ಸಂಖ್ಯೆ ಹೆಚ್ಚಿಸಿಕೊಂಡು ಅದನ್ನು ಒಡೆದು ಹೊರಬರುತ್ತವೆ. ಕೆಲವು ಮಾತ್ರ ಹಾಗೆ ಮಾಡದೆ, ತಮ್ಮ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ವರ್ಣತಂತುವಿನೊಳಗೆ ಸೇರಿಸಿ ಸುಮ್ಮನಿದ್ದುಬಿಡುತ್ತವೆ. ಬ್ಯಾಕ್ಟೀರಿಯಾ ಎರಡಾದಾಗಲೆಲ್ಲ ಆ ಡಿಎನ್‌ಎಯ ಪ್ರತಿಯೂ ಸಿದ್ಧವಾಗಿ ಮುಂದಿನ ಪೀಳಿಗೆಗೆ ಸಾಗುತ್ತದೆ. ಹೀಗೆ ಒಳಸೇರಿದ ಫೇಜ್‌ನಿಂದ ಬ್ಯಾಕ್ಟೀರಿಯಾದ ಗುಣವೇ ಬದಲಾಗುವುದನ್ನು ಲೈಸೊಜೆನಿಕ್ ಪರಿವರ್ತನೆ ಎನ್ನುತ್ತಾರೆ. ವಿಷವಿಲ್ಲದ ಡಿಫ್ತೀರಿಯಾ ತಳಿಗಳಿಗೆ ಫೇಜ್ ಸೋಂಕು ತಗುಲಿಸಿದರೆ, ಬದುಕುಳಿದ ಬ್ಯಾಕ್ಟೀರಿಯಾಗಳು ವಿಷಕಾರಿಯಾಗುತ್ತವೆ ಎಂಬುದನ್ನು ಅಮೆರಿಕದ ವಿಕ್ಟರ್ ಫ್ರೀಮನ್ 1951ರಲ್ಲಿ ತೋರಿಸಿದರು. ಕಾಲರಾದ ವಿಷವೂ ಇದೇ ರೀತಿ ಫೇಜ್‌ನ ಕೊಡುಗೆಯೆಂಬುದು 1996ರಲ್ಲಿ ತಿಳಿಯಿತು.

ಇದರಲ್ಲಿ ಇನ್ನೂ ಬೆರಗಿನ ಸಂಗತಿಯೆಂದರೆ, ವಂಶವಾಹಿ ವೈರಸ್ಸಿನದಾದರೂ ಅದರ ಕಡಿವಾಣ ಬ್ಯಾಕ್ಟೀರಿಯಾದ ಕೈಯಲ್ಲಿದೆ: ಸುತ್ತ ಕಬ್ಬಿಣಾಂಶ ಸಾಕಷ್ಟಿದ್ದಾಗ ಬ್ಯಾಕ್ಟೀರಿಯಾದ ಒಂದು ಪ್ರೋಟೀನು ಆ ವಂಶವಾಹಿಯನ್ನು ತಡೆಹಿಡಿಯುತ್ತದೆ, ಕಬ್ಬಿಣಾಂಶ ತೀರಾ ಕಡಿಮೆಯಾದಾಗ ತಡೆ ಸಡಿಲಿ ವಿಷ ತಯಾರಾಗುತ್ತದೆ.

ವಿಷವುಂಟೋ ಇಲ್ಲವೋ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಎಲೆಕ್ ಪರೀಕ್ಷೆ ಮಾಡುತ್ತಾರೆ. ಪ್ರತಿವಿಷದಲ್ಲಿ ಅದ್ದಿದ ಕಾಗದದ ಪಟ್ಟಿಯನ್ನು ಅಗರ್ ತಟ್ಟೆಯಲ್ಲಿರಿಸಿ, ಅದಕ್ಕೆ ಅಡ್ಡಲಾಗಿ ಬ್ಯಾಕ್ಟೀರಿಯಾವನ್ನು ಗೆರೆಯೆಳೆದಂತೆ ಬೆಳೆಸಿದರೆ, ವಿಷವೂ ಪ್ರತಿವಿಷವೂ ಸಂಧಿಸುವಲ್ಲಿ ತೆಳುವಾದ ಬಿಳಿ ಗೆರೆಯೊಂದು ಮೂಡುತ್ತದೆ. ಗೆರೆ ಮೂಡದ ತಳಿಯಿಂದಲೂ ಗಂಟಲು ನೋವು ಬರಬಹುದಾದ್ದರಿಂದ ವೈದ್ಯರು ಹೇಳಿದ ಔಷಧಿಯನ್ನು ಪೂರ್ತಿ ತೆಗೆದುಕೊಳ್ಳಬೇಕು.

ಪ್ರಶ್ನೆ: ಹಾಗಾದರೆ ಲಸಿಕೆ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೋ, ವೈರಸ್ಸಿನ ಮೇಲೋ?

ಉತ್ತರ: ಎರಡರ ಮೇಲೂ ಅಲ್ಲ, ವಿಷದ ಮೇಲೆ. ಫಾರ್ಮಲಿನ್‌ನಿಂದ ಕೇಡಿನ ಶಕ್ತಿ ಕಳೆದ ವಿಷವೇ, ಅಂದರೆ ಟಾಕ್ಸಾಯ್ಡ್, ಈ ಲಸಿಕೆಯಾಗಿದ್ದು, ಅದನ್ನು ಪಡೆದ ಶರೀರವು ನಿಜವಾದ ವಿಷವನ್ನು ಗುರುತಿಸಿ ಕಟ್ಟಿಹಾಕುವುದನ್ನು ಕಲಿತಿರುತ್ತದೆ. ಆದ್ದರಿಂದಲೇ ಲಸಿಕೆ ಪಡೆದವರ ಗಂಟಲಲ್ಲೂ ಬ್ಯಾಕ್ಟೀರಿಯಾ ನೆಲೆಸಿ, ಲಸಿಕೆಯಿಲ್ಲದ ಪಕ್ಕದ ಮಗುವಿಗೆ ದಾಟಬಲ್ಲದು. ತನ್ನ ಮಗುವಿಗೆ ಲಸಿಕೆ ಆಗಿದೆಯೆಂದು ಕೇರಿಯ ಉಳಿದ ಮಕ್ಕಳನ್ನು ಮರೆಯುವಂತಿಲ್ಲ.

ಭಾರತದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಭಾಗವಾಗಿಯೂ, 16ರಿಂದ 24 ತಿಂಗಳ ನಡುವೆ ಹಾಗೂ 5–6ನೇ ವರ್ಷದಲ್ಲಿ ಡಿಪಿಟಿಯಾಗಿಯೂ, 10 ಮತ್ತು 16ನೇ ವರ್ಷಗಳಲ್ಲಿ ಟಿಡಿ ಎಂಬ ಹೆಸರಿನಲ್ಲಿಯೂ ಇದನ್ನು ಕೊಡಲಾಗುತ್ತದೆ. ಶಾಲೆಗೆ ಸೇರಿದ ಮೇಲಿನ ಡೋಸ್‌ಗಳು ತಪ್ಪಿಹೋಗದಂತೆ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಗಂಟಲ ಗ್ರಂಥಿಗಳ ಮೇಲೆ ಬೂದುಬಣ್ಣದ ಪೊರೆ ಕಟ್ಟಿ, ಕೀಳಲು ಹೋದರೆ ರಕ್ತ ಒಸರುವಂತಿದ್ದು, ಜ್ವರದ ಜೊತೆಗೆ ಕುತ್ತಿಗೆಯೂ ಊದಿಕೊಂಡರೆ, ಮನೆಯಲ್ಲಿ ಪೊರೆಯನ್ನು ಮುಟ್ಟದೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷ ತಡೆಯಬಲ್ಲದ್ದು ರಕ್ತದಲ್ಲಿ ಇನ್ನೂ ಹರಿದಾಡುತ್ತಿರುವ ವಿಷವನ್ನೇ ಹೊರತು ಜೀವಕೋಶದೊಳಗೆ ಆಗಲೇ ಸೇರಿದ್ದನ್ನಲ್ಲ. ಆದಕಾರಣ ಲಕ್ಷಣಗಳು ಬಲವಾಗಿದ್ದಾಗ ವೈದ್ಯರು ಪ್ರಯೋಗಾಲಯದ ವರದಿಗೆ ಕಾಯದೆ ಪ್ರತಿವಿಷ ಕೊಡುತ್ತಾರೆ.