ಎಲೆ ಮಗುಚಿ ನೋಡಿ

ತೋಟದ ಹೊಣೆ ಹೊತ್ತ ಮಕ್ಕಳೇ,

ಗೊಬ್ಬರದ ಲೆಕ್ಕ, ಕೂಲಿಯ ಲೆಕ್ಕ ನಮಗಿಂತ ನಿಮಗೇ ಚೆನ್ನಾಗಿ ಬರುತ್ತದೆ. ನಾನು ಹೇಳುವುದು ಒಂದೇ ಮಾತು: ಶಿಲೀಂಧ್ರ ರೋಗಕ್ಕೆ ಔಷಧಿ ಬೀಳಬೇಕಾದದ್ದು ರೋಗ ಕಾಣುವ ಮೊದಲು.

ತುಕ್ಕುರೋಗವನ್ನೇ ತೆಗೆದುಕೊಳ್ಳಿ. ಅರೇಬಿಕಾ ಕಾಫಿಯ ಎಲೆ ಮಗುಚಿದರೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಮುಟ್ಟಿದರೆ ಅರಿಸಿನದಂತೆ ಬೆರಳಿಗಂಟುತ್ತದೆ. ಅದರ ಕಣಕಣವೂ ಬೀಜಕ. ಗಾಳಿಯಲ್ಲೋ ಮಳೆಹನಿಯಲ್ಲೋ ಪಕ್ಕದ ಎಲೆ ಸೇರಿ, ಕೆಲವು ಗಂಟೆ ನೀರಿನ ಪಸೆ ಸಿಕ್ಕಿತೆಂದರೆ ಮೊಳೆಯುತ್ತದೆ. ಎಲೆಯಡಿಯ ಪತ್ರರಂಧ್ರದಲ್ಲಿ ಒಳನುಗ್ಗಿ ಜೀವಕೋಶಗಳ ಸಾರ ಹೀರುತ್ತದೆ. ಹಳದಿ ಚುಕ್ಕೆ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಒಳಹೊಕ್ಕು ವಾರಗಳೇ ಕಳೆದಿರುತ್ತವೆ. ಬೋರ್ಡೋ ದ್ರಾವಣ ಎಲೆಯ ಮೇಲೆ ಕಾವಲಿರುತ್ತದೆ, ಒಳಸೇರಿದ್ದನ್ನು ಹೊರಗಟ್ಟುವುದಿಲ್ಲ. ಹಾಗಾಗಿ ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಶೇ. 0.5ರ ದ್ರಾವಣವನ್ನು ಎಲೆಯ ಅಡಿ ನೆನೆಯುವಂತೆ ಹೊಡೆಸಿ.

ದ್ರಾವಣ ಕಲಸುವಾಗ ಎದುರಿಗೇ ನಿಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿಕ್ಕಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಅದ್ದಿ ನೋಡಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಚಿಗುರು ಸುಡುತ್ತದೆ. ಅಂದು ಕಲಸಿದ್ದು ಅಂದೇ ಮುಗಿಯಲಿ.

ಮಂಜು ಕವಿದ ಜಡಿಮಳೆಯಲ್ಲಿ ಬರುವುದು ಕೊಳೆರೋಗ. ಕಪ್ಪಾದ ಎಲೆಗಳು ಉದುರದೆ ಶಿಲೀಂಧ್ರದ ನೂಲಿಗೆ ಜೋತುಬಿದ್ದಿರುತ್ತವೆ. ಅಂಥ ಎಲೆ, ರೆಂಬೆಗಳನ್ನು ಕಿತ್ತು ತೋಟದಾಚೆ ಹಾಕಿ ನಾಶಮಾಡಿ. ಗಿಡದ ಮೇಲೆ ಬಿದ್ದ ನೆರಳುಮರದ ತರಗನ್ನೂ ಕೊಡವಿಸಿ. ಅದಕ್ಕಿಂತ ಮೊದಲು, ಮಳೆ ಹಿಡಿಯುವುದರೊಳಗೆ ನೆರಳುಮರದ ಕೊಂಬೆ ಸವರುವ ಮರಗಸಿ ಮುಗಿಸಿ, ಗಿಡದ ನಡು ಬಿಡಿಸಿ ಗಾಳಿ ಬೆಳಕು ಆಡುವಂತೆ ಮಾಡಿರಬೇಕು.

ಒಳ್ಳೆಯ ತಳಿ ನೆಟ್ಟಿದ್ದೇವೆಂದು ಮೈಮರೆಯಬೇಡಿ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ತುಕ್ಕು ಅಲ್ಲಿನ ಕಾಫಿಯನ್ನೇ ನೆಲಕಚ್ಚಿಸಿತು. ಆ ಗುಡ್ಡಗಳಿಗೆ ಟೀ ಬಂತು. ನಮ್ಮಲ್ಲಿ ತುಕ್ಕು ತಡೆಯುತ್ತದೆಂದು ಹೆಸರಾಗಿದ್ದ ಕೆಂಟ್ ತಳಿಯನ್ನೂ ಶಿಲೀಂಧ್ರದ ಹೊಸ ರೂಪ ಹಿಡಿಯಿತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಕೊಟ್ಟ ಎಸ್.795 ತಳಿಗೂ ಈಗ ತುಕ್ಕು ತಗಲುತ್ತದೆ.

ಕಾಫಿ ರೇಟು ಬಿದ್ದ ವರ್ಷ ಮೊದಲು ಕತ್ತರಿ ಬೀಳುವುದು ಔಷಧಿ ಖರ್ಚಿಗೆ. ದಯವಿಟ್ಟು ಹಾಗೆ ಮಾಡಬೇಡಿ. ಎಲೆ ಉದುರಿದ ರೆಂಬೆ ಒಣಗುತ್ತದೆ. ಮುಂದಿನ ವರ್ಷ ಹೂ ಬಿಡಬೇಕಾದದ್ದು ಅದೇ ರೆಂಬೆ. ಬೇರೆ ಖರ್ಚು ತಡೆಹಿಡಿದರೂ ಸರಿ, ಮುಂಗಾರಿನ ಮುಂಚಿನ ಔಷಧಿ ತಪ್ಪಿಸಬೇಡಿ.