ನಾಣ್ಯಕ್ಕೂ ಬಾಡಿಗೆ ಮನೆ

ಹಳೆ ನಾಣ್ಯ ಕೂಡಿಡುವವರು ಕೊಂಡ ಬೆಲೆಯನ್ನು ಡೈರಿಯಲ್ಲಿ ಬರೆದಿಡುತ್ತಾರೆ. ಅದನ್ನಿಡುವ ಪ್ಲಾಸ್ಟಿಕ್ಕಿನ ಬೆಲೆಯನ್ನು ಮಾತ್ರ ಚಿಲ್ಲರೆ ಖರ್ಚೆಂದು ಬಿಟ್ಟುಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಬಾಡಿಗೆ. ತಿಂಗಳು ತಿಂಗಳೂ ಅಲ್ಲ, ಕೆಲವು ವರ್ಷಕ್ಕೊಮ್ಮೆ ಕಟ್ಟಲೇಬೇಕಾದದ್ದು. ಕಟ್ಟದಿದ್ದರೆ ಮನೆಯೇ ಒಳಗಿದ್ದವರನ್ನು ತಿನ್ನುತ್ತದೆ.

ಸೋದರಮಾವ ಪೀಣ್ಯದಲ್ಲಿ ಟರ್ನರ್ ಆಗಿದ್ದವರು. ಬೋನಸ್ ಬಂದಾಗಲೆಲ್ಲ ಒಂದೆರಡು ನಾಣ್ಯ ಕೊಳ್ಳುತ್ತಿದ್ದರು: ಐದನೇ ಜಾರ್ಜನ ಬೆಳ್ಳಿ ರೂಪಾಯಿ, 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು. ಎಲ್ಲವೂ ಮೆತ್ತನೆಯ ಪಾರದರ್ಶಕ ಹಾಳೆಗಳ ಆಲ್ಬಮ್ಮಿನಲ್ಲಿ. ಮಗಳ ಮದುವೆ ಖರ್ಚಿಗೆ ಕೆಲವನ್ನು ಮಾರೋಣವೆಂದಾಗ ಜೊತೆಗೆ ನಾನೂ ಹೋದೆ. ವ್ಯಾಪಾರಿ ಮೊದಲು ಹಾಳೆಯನ್ನು ಮೂಸಿದ, ಆಮೇಲೆ ಭೂತಗನ್ನಡಿ ಹಿಡಿದ. “ಯಜಮಾನ್ರೇ, ಪಿವಿಸಿ ಹತ್ತಿಬಿಟ್ಟಿದೆ. ತಾಮ್ರದ್ದಕ್ಕೆ ಅರ್ಧ ರೇಟೂ ಬರಲ್ಲ.” ಮಾವನಿಗೆ ಸಿಟ್ಟು ಬಂತು. ಆದರೆ ಕಾಸಿನ ಮೇಲೆ ಪಾಚಿಬಣ್ಣದ ಅಂಟು ಕಣ್ಣಿಗೆ ಕಾಣುತ್ತಿತ್ತು. ವ್ಯಾಪಾರಿ ಹೇಳಿದ್ದರಲ್ಲಿ ಮೋಸವಿರಲಿಲ್ಲ.

ಪಿವಿಸಿ ಹುಟ್ಟಾ ಗಡಸು, ನೀರಿನ ಪೈಪಿನಲ್ಲಿ ನೋಡಿದ್ದೀರಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಮೃದುಕಾರಕ ಬೆರೆಸುತ್ತಾರೆ, ಕೆಲವೊಮ್ಮೆ ತೂಕದ ಮೂರನೇ ಒಂದು ಪಾಲಿನಷ್ಟು. ಅದು ಪ್ಲಾಸ್ಟಿಕ್ಕಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಬಿಸಿಲಿಗೆ, ಸೆಕೆಗೆ ಮೆಲ್ಲಗೆ ಹೊರಗೆ ಒಸರುತ್ತದೆ. ಜೊತೆಗೆ ಪಿವಿಸಿ ಹಳತಾಗುತ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆಮ್ಲಕ್ಕೆ ತಾಮ್ರ ಸಿಕ್ಕಿದರೆ ಮುಗಿಯಿತು. ಬೆಳ್ಳಿ ನಾಣ್ಯವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಜಾರ್ಜನ ರೂಪಾಯಿಯಲ್ಲಿ ಬೆಳ್ಳಿ ಶೇ 91.7, ಉಳಿದದ್ದು ತಾಮ್ರ. ಗಾಂಧಿ ನಾಣ್ಯದಲ್ಲಿ ಬೆಳ್ಳಿ ಶೇ 80 ಮಾತ್ರ.

ಅಂಟು ಮೇಲ್ಮೇಲೆ ಇದ್ದರೆ ಶುದ್ಧ ಅಸಿಟೋನಿನಲ್ಲಿ ಅದ್ದಿದಾಗ ಕರಗುತ್ತದೆ. ಉಜ್ಜಬಾರದು, ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಬಳಸಲೂಬಾರದು. ಆಮ್ಲ ಕೊರೆದ ಗುಳಿಗೆ ಮಾತ್ರ ಔಷಧವಿಲ್ಲ. ಮಾವನ ಬೆಳ್ಳಿ ಬಹುಪಾಲು ಉಳಿಯಿತು, ಕಾಸುಗಳು ಹೋದವು.

ಹಾಗಾದರೆ ಯಾವುದನ್ನು ಕೊಳ್ಳುವುದು? ಪೀಣ್ಯ ಎರಡನೇ ಹಂತದಲ್ಲಿ ಇಂಜೆಕ್ಷನ್ ಮೋಲ್ಡಿಂಗ್ ನಡೆಸುವ ಗೆಳೆಯನ ಮುಂದೆ ಬಗೆಬಗೆಯ ಹಾಳೆ, ಡಬ್ಬಿ ಸುರಿದೆ. ಆತ ಶೆಡ್ಡಿನ ಹೊರಗೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಹಾಳೆಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿದ. ಹಸಿರು ಉರಿ ಎದ್ದಿತು. ಹಸಿರೆಂದರೆ ಕ್ಲೋರಿನ್, ಎಂದರೆ ಬಹುತೇಕ ಪಿವಿಸಿಯೇ. (ಹೊಗೆ ವಿಷ, ಅಡುಗೆಮನೆಯಲ್ಲಿ ಮಾಡಬೇಡಿ.) ಮನೆಯಲ್ಲಿ ಮಾಡಬಹುದಾದದ್ದು ನೀರಿನ ಪರೀಕ್ಷೆ. ಒಂದು ಚೂರು ಕತ್ತರಿಸಿ, ಗಾಳಿಗುಳ್ಳೆ ಹಿಡಿಯದಂತೆ ನೀರಿಗೆ ಹಾಕಿ. ತೇಲಿದರೆ ಪಾಲಿಪ್ರೊಪಿಲಿನ್ ಅಥವಾ ಪಾಲಿಎಥಿಲಿನ್, ಎರಡೂ ಮೃದುಕಾರಕ ಬೇಡದವು. ಮುಳುಗಿದರೆ ತೀರ್ಪಿಲ್ಲ, ಏಕೆಂದರೆ ಒಳ್ಳೆಯ ಪಾಲಿಯೆಸ್ಟರ್, ಅಂದರೆ ಮೈಲಾರ್ ಕೂಡ ಮುಳುಗುತ್ತದೆ. ಮೈಲಾರ್ ಮಡಚಿದರೆ ಸರಸರ ಸದ್ದು ಮಾಡುತ್ತದೆ. ಕೈಗೆ ಒರಟು, ನಾಣ್ಯಕ್ಕೆ ಕ್ಷೇಮ. ಅಂಗಡಿಯಲ್ಲಿ ಮುಟ್ಟಲು ಹಿತವೆನಿಸುವುದೇ ಅಪಾಯದ್ದು, ಗ್ರಾಹಕನಿಗೆ ಹಿಡಿಸುವುದೂ ಅದೇ.

“ಇದನ್ನೆಲ್ಲ ನೀನೇ ಮಾಡಬಾರದೇಕೆ?” ಎಂದೆ. ಗೆಳೆಯ ನಕ್ಕ. ನಾಣ್ಯದ ಒಂದೊಂದು ಅಳತೆಗೂ ಒಂದೊಂದು ಡೈ ಬೇಕು, ಆರ್ಡರು ಬರುವುದು ಬೊಗಸೆಯಷ್ಟು. ಅಗ್ಗಕ್ಕೆ ಮಾಡುವವರು ಹಳೆ ಪ್ಲಾಸ್ಟಿಕ್ಕನ್ನು ಪುಡಿಮಾಡಿ ಬೆರೆಸುತ್ತಾರೆ, ಅದರಲ್ಲಿ ಏನೇನಿದೆಯೋ ಮಾಡಿದವನಿಗೂ ತಿಳಿಯದು.

ಗಟ್ಟಿ ಕ್ಯಾಪ್ಸೂಲುಗಳಲ್ಲಿ ನನ್ನ ಮತ ಅಕ್ರಿಲಿಕ್ಕಿಗೆ. ಪಾಲಿಸ್ಟೈರಿನ್ ಬೆಳಕಿಗಿಟ್ಟರೆ ಹಳದಿಗಟ್ಟುತ್ತದೆ, ಬಿದ್ದರೆ ಸೀಳುತ್ತದೆ, ಆದರೆ ನಾಣ್ಯಕ್ಕೆ ವಿಷವಲ್ಲ. ಎರಡರ ಹತ್ತಿರಕ್ಕೂ ಅಸಿಟೋನ್ ತರಬೇಡಿ, ಕರಗಿಹೋಗುತ್ತವೆ. ಮೈಲಾರ್ ಕಿಟಕಿಯ ರಟ್ಟಿನ ಹೋಲ್ಡರು ಅಗ್ಗ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ.

ವೈಟ್‌ಫೀಲ್ಡಿನ ಸಹೋದ್ಯೋಗಿಗಳಿಗೆ ಅಮೆರಿಕದ ಸ್ಲ್ಯಾಬಿನ ಹುಚ್ಚು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಎಂಬ ಸಂಸ್ಥೆಗಳು ಆರಂಭಿಸಿದ, ದರ್ಜೆ ನಮೂದಿಸಿ ಮುಚ್ಚಿದ ಡಬ್ಬಿಗಳಿವು. ಮರುಮಾರಾಟಕ್ಕೆ ಅನುಕೂಲ ನಿಜ, ಆದರೆ ಪ್ಲಾಸ್ಟಿಕ್ಕಿನ ಮೂಲಕ ಗಾಳಿ ಸ್ವಲ್ಪವಾದರೂ ಹಾದೇ ಹಾಯುತ್ತದೆ. ನಾಣ್ಯವನ್ನು ಅಲ್ಲಿಗೆ ಕಳಿಸುವುದಾದರೆ ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಒಡೆಯರ ಕಾಸಷ್ಟೇ ಅಲ್ಲ, 1911ರಿಂದ 1922ರವರೆಗಿನ ಜಾರ್ಜ್ ರೂಪಾಯಿಗಳೂ ಈಗ ಆ ಗೆರೆ ದಾಟಿವೆ. ಊರಿಗೆ ಬಂದ ಅಮೆರಿಕದ ನೆಂಟರ ಚೀಲಕ್ಕೆ ಹಾಕುವ ಮುನ್ನ ಇಸವಿ ನೋಡಿ.

ಖರ್ಚಿಗೆ ನನ್ನದೊಂದು ಮಿತಿಯಿದೆ: ನಾಣ್ಯದ ಇಂದಿನ ಬೆಲೆಯ ಶೇ 5. ಚಲಾವಣೆಯ ಹತ್ತು ರೂಪಾಯಿ ನಾಣ್ಯಕ್ಕೆ ಅದಕ್ಕಿಂತ ದುಬಾರಿಯ ಕ್ಯಾಪ್ಸೂಲ್ ಹಾಕುವುದು ಹವ್ಯಾಸವಿರಬಹುದು, ಹೂಡಿಕೆಯಲ್ಲ. ಮಾರುವ ಯೋಚನೆಯಿರುವ ನಾಣ್ಯಗಳಿಗೆ ಮಳೆಗಾಲ ಮುಗಿದ ಮೇಲೆ ಒಮ್ಮೆ ತಪಾಸಣೆ. ಹಾಳೆ ಜಿಗುಟಾದರೆ, ಮಸುಕಾದರೆ, ವಾಸನೆ ಬಂದರೆ ಅಂದೇ ಬದಲು. ಲಾಕರಿಗೆ ಒಯ್ಯುವ ಚೀಲವನ್ನೂ ಒಮ್ಮೆ ನೋಡಿಕೊಳ್ಳಿ. ಚರ್ಮದಂತೆ ಹೊಳೆಯುವ ರೆಕ್ಸಿನ್ ಎಂದರೆ ಸಾಮಾನ್ಯವಾಗಿ ಬಟ್ಟೆಗೆ ಬಳಿದ ಮೆತ್ತನೆಯ ಪಿವಿಸಿಯೇ.